ಡಾಕ್ಟ್ರಮ್ಮನ ಸೀಟಿನ ವಿಚಾರಣೆ

ಗಾಡಿ ನನ್ನ ಅಂಗಡಿಯ ಮುಂದೆ ನಿಂತಿತು. ಅದರಿಂದ ಇಳಿಯಬೇಕಾದವರು ಮಾತ್ರ ಕೂಡಲೇ ಇಳಿಯಲಿಲ್ಲ. ಮೊದಲು ಬಾಗಿಲು ತೆರೆಯಿತು. ಆಮೇಲೆ ಒಂದು ಗಮ್‌ಬೂಟು ಹೊರಗೆ ಬಂದು ನೆಲ ಹುಡುಕಿತು. ಸ್ವಲ್ಪ ಬಿಟ್ಟು ಇನ್ನೊಂದು. ಬಳಿಕ ಒಂದು ಕೈ ಬಾಗಿಲಿನ ಮೇಲಂಚು ಹಿಡಿಯಿತು. ಹೀಗೆ ಕಂತುಕಂತಾಗಿ ಕುಂದೂರು ಹೋಬಳಿಯ ಪಶುವೈದ್ಯೆ ಪೂರ್ತಿ ಹೊರಗೆ ಬಂದು, ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಂತು, ದೊಡ್ಡದೊಂದು ಉಸಿರು ಬಿಟ್ಟರು.

"ಮೇಸ್ತ್ರಿ, ಈ ಸೀಟಿಗೇನಾದ್ರೂ ಮಾಡಿ. ಚೆಂದ ಕಾಣ್ಬೇಕಾಗಿಲ್ಲ. ಕೂರೋಕಾದ್ರೆ ಸಾಕು."

ಆಲೂರಿನಲ್ಲಿ ನನ್ನದು ಕುಶನ್ ಅಂಗಡಿ. ಜೀಪಿಗೆ ಟಾಪು, ಟ್ರ್ಯಾಕ್ಟರಿಗೆ ಸೀಟು, ಮದುವೆ ಛತ್ರದ ಕುರ್ಚಿಗೆ ರೆಕ್ಸಿನ್ ಹೊಲಿಯುವುದು ನನ್ನ ಕಸುಬು. ನನ್ನಲ್ಲಿಗೆ ಬರುವವರು ಸಾಮಾನ್ಯವಾಗಿ ಬಣ್ಣ ಕೇಳುತ್ತಾರೆ, ಇಲ್ಲವೇ ಪಕ್ಕದ ಮನೆಯವರ ಗಾಡಿಗಿಂತ ದಪ್ಪವಾಗಿರಲಿ ಎನ್ನುತ್ತಾರೆ. ಕೂರಲಿಕ್ಕೆ ಬರಬೇಕು ಎಂದು ಯಾರೂ ಕೇಳಿದ್ದು ನೆನಪಿಲ್ಲ. ಬೇಡಿಕೆ ಇಷ್ಟು ಸರಳವಾಗಿದ್ದಾಗ ಭಯ ಪಡಬೇಕು. ನಾನು ಆ ದಿನ ಪಡಲಿಲ್ಲ.

ವಿಷಯ ಹೀಗಿತ್ತು. ಡಾಕ್ಟ್ರಮ್ಮನ ಬೆನ್ನುಮೂಳೆಯ ಕೆಳಗಿನ ಒಂದು ಬಿಲ್ಲೆ, ಅದೇ ಡಿಸ್ಕು, ಸ್ವಲ್ಪ ಉಬ್ಬಿದೆ ಎಂದು ಹಾಸನದ ಮೂಳೆ ಡಾಕ್ಟರು ಹೇಳಿದ್ದರು. ವ್ಯಾಯಾಮ ಮಾಡಿ, ಭಾರ ಎತ್ತಬೇಡಿ, ಗಾಡಿಯಲ್ಲಿ ಕುಲುಕಾಟ ಕಡಿಮೆ ಮಾಡಿ, ಆಗದಿದ್ದರೆ ಹಳ್ಳಿ ಸುತ್ತುವುದನ್ನೇ ಬಿಡಿ ಎಂದಿದ್ದರು. ಅದೇ ಹೊತ್ತಿಗೆ ಜಿಲ್ಲಾ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಬರುತ್ತೀರೋ ಇಲ್ಲವೋ, ತಿಂಗಳ ಕೊನೆಯೊಳಗೆ ಹೇಳಿ ಎಂದು ಮೇಲಧಿಕಾರಿಗಳು ಕೇಳಿದ್ದರು. ಹೋದರೆ ಬೆನ್ನು ಉಳಿಯುತ್ತದೆ. ಹೋಬಳಿಯ ದನಗಳಿಗೆ ಮತ್ತೆ ಯಾರು ಬರುತ್ತಾರೆ ಎಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಇವರು ಬರುವ ಮೊದಲು ಕುಂದೂರಿನ ಪಶು ಆಸ್ಪತ್ರೆಗೆ ಬೀಗ ಬಿದ್ದಿದ್ದ ಕಾಲ ನಮಗೆಲ್ಲ ಗೊತ್ತು.

"ಹಾಸನ ಒಳ್ಳೇದೇ ಅಲ್ವಾ ಮೇಡಂ, ನೆರಳಲ್ಲಿ ಕೆಲಸ," ಅಂದೆ, ಏನಾದರೂ ಹೇಳಬೇಕಲ್ಲ ಎಂದು.

"ಆ ಆಫೀಸಲ್ಲಿ ದನ ಇರಲ್ಲ ಮೇಸ್ತ್ರಿ," ಅಂದರು. "ದನದ ಲೆಕ್ಕ ಇರುತ್ತೆ."

ಗಾಡಿ ಇತ್ತೀಚಿನ ಮಾದರಿಯ ಸಣ್ಣ ಎಸ್‌ಯುವಿ. ಎತ್ತರದ ಮೈ, ಮೋಟು ಮೂತಿ. ಸೀಟಿನೊಳಗೆ ಫ್ಯಾನು ಇದೆ, ಗುಂಡಿ ಒತ್ತಿದರೆ ಬೆನ್ನಿಗೆ ತಂಪು ಗಾಳಿ ಬರುತ್ತದೆ ಎಂದು ಹೇಳಿ ಮಾರಿದ್ದರಂತೆ. ಬಂದಿದೆಯೇ ಎಂದು ಕೇಳಿದೆ. ಇವತ್ತಿನವರೆಗೂ ಬಂದಿಲ್ಲ, ಸದ್ದು ಮಾತ್ರ ಬರುತ್ತದೆ ಎಂದರು. ನಾನು ಬಗ್ಗಿ ನೋಡಿದೆ. ಸೀಟು ಎಲ್ಲಿದೆ ಎಂದು ಮೊದಲು ತಿಳಿಯಲಿಲ್ಲ.

ಆಮೇಲೆ ನಡೆದದ್ದನ್ನು ಉತ್ಖನನ ಎಂದೇ ಕರೆಯಬೇಕು. ಮೇಲ್ಪದರದಲ್ಲಿ ಒಂದು ಸ್ನಾನದ ಟವೆಲ್ಲು. ಅದರ ಕೆಳಗೆ ಮರದ ಮಣಿಗಳ ಹಾಸು, ಲಾರಿ ಡ್ರೈವರುಗಳು ಹಾಕಿಕೊಳ್ಳುವಂಥದು. ಅದನ್ನು ಎತ್ತಿದರೆ, ಅಂಗೈ ದಪ್ಪದ ಸ್ಪಂಜು ತುಂಬಿ ಚೌಕಚೌಕವಾಗಿ ಹೊಲಿದ ಕಂದು ಕವರು. ಕವರಿಗೂ ಸೀಟಿಗೂ ನಡುವೆ ಹುಲ್ಲು, ಹಿಂಡಿಯ ಪುಡಿ, ದನದ ಕಿವಿಗೆ ಹಾಕುವ ಹಳದಿ ಬಿಲ್ಲೆಯೊಂದು. ಅದರ ಕೆಳಗೆ, ಕಾರ್ಖಾನೆಯಿಂದ ಬಂದ ದಿನದ ಪಾರದರ್ಶಕ ಪ್ಲಾಸ್ಟಿಕ್ಕು, ಒಂದು ಗೀರೂ ಇಲ್ಲದೆ. ಎಲ್ಲಕ್ಕೂ ಕೆಳಗೆ ನಿಜವಾದ ಸೀಟು ಕುಳಿತಿತ್ತು. ಚರ್ಮದಂತೆ ಕಾಣುವ ಕಪ್ಪು ಲೆದರೆಟ್, ನಡುವಿನಲ್ಲಿ ಸೂಜಿಮೊನೆಯಂಥ ತೂತುಗಳ ಸಾಲು. ಪಾಪದ ಫ್ಯಾನು ಕೊಂಡ ದಿನದಿಂದ ಆ ಪ್ಲಾಸ್ಟಿಕ್ಕಿಗೆ ಗಾಳಿ ಹಾಕುತ್ತಿತ್ತು.

ಅಷ್ಟರಲ್ಲಿ ಡಾಕ್ಟ್ರಮ್ಮನ ಯಜಮಾನರು ಬೈಕಿನಲ್ಲಿ ಬಂದರು. ಕುಂದೂರಿನ ಕಡೆ ಸ್ವಲ್ಪ ಕಾಫಿ ತೋಟ ಇಟ್ಟುಕೊಂಡವರು, ಸಾಧು ಮನುಷ್ಯರು, ವಸ್ತುಗಳ ಬಗ್ಗೆ ಅಪಾರ ಕರುಣೆಯುಳ್ಳವರು. ನನ್ನ ಕೈಯಲ್ಲಿ ಬ್ಲೇಡು ಕಂಡು ಹೆಲ್ಮೆಟ್ಟನ್ನೂ ತೆಗೆಯದೆ ಓಡಿ ಬಂದರು.

"ಪ್ಲಾಸ್ಟಿಕ್ ಒಂದು ತೆಗೀಬೇಡಿ ಕಣ್ರೀ. ಮುಂದೆ ಮಾರೋವಾಗ ಹೊಸದರ ಹಂಗೇ ಇರ್ಬೇಕು."

"ಯಾರಿಗೆ ಮಾರ್ತೀರಿ?"

"ಯಾರೋ ಒಬ್ರು ತಗೋತಾರೆ."

"ಆ ಯಾರೋ ಒಬ್ರು ಮೆತ್ತಗೆ ಕೂರ್ಲಿ ಅಂತ ನಿಮ್ಮನೆಯವ್ರು ಇಲ್ಲಿ ಬೇಯ್ತಾವ್ರಲ್ಲ ಸ್ವಾಮಿ."

ಯಜಮಾನರು ಹೆಂಡತಿಯ ಮುಖ ನೋಡಿದರು. ಹೆಂಡತಿ ರಸ್ತೆಯ ಕಡೆ ನೋಡುತ್ತಿದ್ದರು. ಯಜಮಾನರು ಬೆನ್ನು ತಿರುಗಿಸಿ ನಿಂತರು, ಕುರಿ ಕಡಿಯುವಾಗ ಕೆಲವರು ನಿಲ್ಲುತ್ತಾರಲ್ಲ, ಹಾಗೆ. ನಾನು ಪ್ಲಾಸ್ಟಿಕ್ಕು ಹರಿದೆ.

ಅಂಗಡಿಯ ದೇವರ ಪಟಕ್ಕೆ ಹಚ್ಚಿದ್ದ ಊದುಬತ್ತಿ ತಂದು, ಫ್ಯಾನು ಹಾಕಿ, ಸೀಟಿನ ತೂತುಗಳ ಮೇಲೆ ಹಿಡಿದೆ. ಹೊಗೆ ನಡುಗಿ ಪಕ್ಕಕ್ಕೆ ಹಾರಿತು. ಗಾಳಿ ಬರುತ್ತಿತ್ತು. ಸೀಟಿನ ಬಲಮಗ್ಗುಲಲ್ಲಿ ಏರ್‌ಬ್ಯಾಗ್ ಎಂದು ಬರೆದ ಸಣ್ಣ ಪಟ್ಟಿಯೂ ಈಗ ಕಂಡಿತು. ಅಪಘಾತವಾದರೆ ಆ ಹೊಲಿಗೆ ಬಿಚ್ಚಿಕೊಂಡು ಚೀಲ ಉಬ್ಬಿ ಬರಬೇಕು. ಆ ದಪ್ಪ ಕವರು ಅದನ್ನೂ ಚೆನ್ನಾಗಿ ಹೊದಿಸಿ ಮಲಗಿಸಿತ್ತು. ಕವರನ್ನು ಮತ್ತೆ ಹಾಕುವುದಿಲ್ಲ ಎಂದು ಸಾರಿದೆ. ಡಾಕ್ಟ್ರಮ್ಮ ಬರಿಯ ಸೀಟಿನ ಮೇಲೆ ಕೂತು, ಮೊದಲ ಬಾರಿಗೆ ಬೆನ್ನಿಗೆ ಗಾಳಿ ತಾಗಿಸಿಕೊಂಡು, ನಗುತ್ತಾ ಹೋದರು. ಒಂದು ಹೊಲಿಗೆಯನ್ನೂ ಹಾಕದೆ ಕೀರ್ತಿ ಸಂಪಾದಿಸಿದೆನಲ್ಲ ಎಂದು ನಾನು ಬೀಗಿದೆ.

ಕೀರ್ತಿ ಆ ವಾರ ದಾಟಲಿಲ್ಲ. ಅವರು ವಾಪಸು ಬಂದಾಗ ನೋವು ಮೊದಲಿಗಿಂತ ಹೆಚ್ಚಾಗಿತ್ತು. ಬೆವರುವುದು ನಿಂತಿತ್ತು, ನಿಜ. ಆದರೆ ಆ ಕವರಿನ ಒರಟುತನ ಹೋಗಿ ಈಗ ನುಣ್ಣನೆಯ ಲೆದರೆಟ್ ಸಿಕ್ಕಿತ್ತು. ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಮೈ ಮುಂದಕ್ಕೆ ಜಾರುತ್ತದೆ. ತಿರುವಿನಲ್ಲಿ ಪಕ್ಕಕ್ಕೆ ಜಾರುತ್ತದೆ. ಜಾರದಿರಲು ಕಾಲು ಒತ್ತಿ ಹಿಡಿಯಬೇಕು, ಕಾಲು ಒತ್ತಿದರೆ ಸೊಂಟ ಬಿಗಿಯುತ್ತದೆ. ನಮ್ಮ ಕಡೆ ಇಳಿಜಾರೂ ತಿರುವೂ ಇಲ್ಲದ ರಸ್ತೆಯನ್ನು ಇನ್ನೂ ಯಾರೂ ಹಾಕಿಲ್ಲ.

ಈ ಬಾರಿ ಸೀಟನ್ನೇ ಬಿಚ್ಚಬೇಕೆಂದು ನಿಶ್ಚಯಿಸಿದೆ. ಬಿಚ್ಚಲು ನಾಲ್ಕು ಬೋಲ್ಟು. ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಸೀಟಿನ ಕೆಳಗೆ ವಯರುಗಳಿದ್ದವು, ಅವುಗಳಲ್ಲೊಂದು ಹಳದಿ. ನಮ್ಮ ಬೀದಿಯ ತುದಿಯಲ್ಲಿರುವ ಆಟೋ ಎಲೆಕ್ಟ್ರಿಷಿಯನ್ನನ್ನು ಕರೆದೆ. ನನ್ನ ಹಳೆಯ ಸ್ನೇಹಿತ, ನನ್ನ ಕೆಲಸದ ಬಗ್ಗೆ ಅವನಿಗೆ ಯಾವ ಭ್ರಮೆಯೂ ಇಲ್ಲ. ಬಗ್ಗಿ ನೋಡಿ, ಎದ್ದು ನಿಂತು, ಉಪದೇಶ ಕೊಟ್ಟ.

"ಹಳದಿ ಮುಟ್ಟೋಕ್ ಮುಂಚೆ ಬ್ಯಾಟ್ರಿ ಬಿಚ್ಚು. ಆಮೇಲ್ ಹೋಗಿ ಟೀ ಕುಡ್ಕೊಂಡ್ ಬಾ. ಆ ಏರ್‌ಬ್ಯಾಗ್ ಚೀಲದ ಕರೆಂಟ್ ಇಳಿಯೋಕೆ ಟೈಮ್ ಬೇಕು. ಇಲ್ದಿದ್ರೆ ಅದು ನಿನ್ ಮೂತಿಗೆ ಬಂದು ಬಡಿತದೆ ಮಾರಾಯ."

"ಬ್ಯಾಟ್ರಿ ಹಾಕೋದು ಯಾವಾಗ?"

"ಎಲ್ಲಾ ವಯರ್ ಸಿಗ್ಸಿದ ಮೇಲೆ. ಅದಕ್ ಮುಂಚೆ ಕೀ ತಿರುಗಿಸ್ಬೇಡ. ತಿರುಗಿಸ್ದೆ ಅನ್ಕೋ, ಕೆಂಪು ದೀಪ ಹತ್ಕೊಂಡು ಕೂತ್ಬುಡ್ತದೆ."

ಬ್ಯಾಟರಿ ಬಿಚ್ಚಿದೆ, ಟೀ ಕುಡಿದೆ, ನನ್ನ ಜೀವಮಾನದಲ್ಲೇ ಅಷ್ಟು ನಿಧಾನವಾಗಿ ಟೀ ಕುಡಿದವನಲ್ಲ. ಬಂದು ಸೀಟ್ ಬೆಲ್ಟಿನ ಕೊಂಡಿ ಬಿಚ್ಚಿ ಪಕ್ಕಕ್ಕೆ ಬಿಟ್ಟೆ, ವಯರುಗಳನ್ನು ಬೇರೆ ಮಾಡಿದೆ, ಬೋಲ್ಟು ತೆಗೆದು ಸೀಟನ್ನು ಮಗುವಿನಂತೆ ಎತ್ತಿಕೊಂಡು ಬಂದು ಬೆಂಚಿನ ಮೇಲೆ ಮಲಗಿಸಿದೆ. ಲೆದರೆಟ್ಟನ್ನು ಒಳಗಿನ ಸ್ಪಂಜಿಗೆ ಹಿಡಿದಿಟ್ಟಿದ್ದ ಕಂಬಿಯುಂಗುರಗಳನ್ನು ಒಂದೊಂದಾಗಿ ಕತ್ತರಿಸಿದೆ. ಒಳಗೆ ಒಂದೇ ಅಚ್ಚಿನಲ್ಲಿ ಸುರಿದು ಮಾಡಿದ ಸ್ಪಂಜು, ಅದರಲ್ಲಿ ಗಾಳಿ ಹೋಗಲು ಕಾಲುವೆಗಳು. ಗದ್ದೆಗೆ ನೀರು ಹಾಯಿಸಿದಂತೆ ಗಾಳಿ ಹಾಯಿಸಿದ್ದಾರೆ. ನೋಡಿ ಸಂತೋಷಪಟ್ಟೆ. ಸಂತೋಷಪಟ್ಟು, ಆ ಕಾಲುವೆಗೆ ಅಡ್ಡ ಒಡ್ಡು ಹಾಕಿದೆ.

ನಾನು ಕಲಿತದ್ದು ಜೀಪಿನ ಕಾಲದಲ್ಲಿ. ಬೆನ್ನು ನೋವೆಂದರೆ ಗಟ್ಟಿ ಸೀಟು ಹಾಕು ಎಂಬುದು ಆ ಕಾಲದ ವೈದ್ಯಶಾಸ್ತ್ರ. ಚೂರುಗಳನ್ನು ಒತ್ತಿ ಮಾಡಿದ ಗಟ್ಟಿ ಸ್ಪಂಜನ್ನು ಸೊಂಟದ ಎತ್ತರಕ್ಕೆ ದಿಂಬಿನಂತೆ ಕತ್ತರಿಸಿ ಅಂಟಿಸಿದೆ. ಕೂರುವ ಭಾಗದ ಮುಂದಂಚಿಗೆ ಜಾರದ ಹಾಗೆ ಇನ್ನೊಂದು ಪಟ್ಟಿ. ಲೆದರೆಟ್ಟನ್ನು ಎಳೆದು ಉಂಗುರ ಹಾಕಿ, ಸೀಟನ್ನು ಗಾಡಿಯೊಳಗಿಟ್ಟು, ಬ್ಯಾಟರಿ ಹಾಕಿ, ಫ್ಯಾನು ನೋಡುವ ಆತುರದಲ್ಲಿ ಕೀ ತಿರುಗಿಸಿದೆ. ಹಳದಿ ವಯರು ಇನ್ನೂ ನೆಲದ ಮೇಲಿತ್ತು. ಎದುರಿಗೆ ಕೆಂಪು ದೀಪ ಹತ್ತಿಕೊಂಡಿತು. ಹಳದಿಯನ್ನು ಸಿಗಿಸಿದ ಮೇಲೂ ಆರಲಿಲ್ಲ. ಸ್ನೇಹಿತ ತನ್ನ ಯಂತ್ರ ತಂದು, ಗಾಡಿಗೆ ಸಿಗಿಸಿ, ಅದನ್ನು ಆರಿಸಿದ. ಯಂತ್ರ ಸುತ್ತಿಟ್ಟು, ನನ್ನ ಬೆನ್ನು ತಟ್ಟಿ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೆ ಎಲ್ಲವನ್ನೂ ಒರೆಸಿ, ಕಾಲುಹಾಸು ಹಾಕಿ, ಕನ್ನಡಿ, ಬೆಲ್ಟು ಎಲ್ಲವನ್ನೂ ಗಿರಾಕಿ ಇಟ್ಟಿದ್ದ ಹಾಗೆಯೇ ಇಟ್ಟು ಗಾಡಿ ಕೊಟ್ಟೆ. ಗಿರಾಕಿ ಬಿಟ್ಟ ಹಾಗೆ ಗಾಡಿ ವಾಪಸು ಕೊಡುವುದು ನನ್ನ ಅಂಗಡಿಯ ಶಿಸ್ತು. ಅದರ ಬಗ್ಗೆ ನನಗೆ ಅಭಿಮಾನವಿದೆ, ಇತ್ತು.

ಎರಡು ದಿನ ಬಿಟ್ಟು ಫೋನು ಬಂತು. ಡಾಕ್ಟ್ರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ನಡುವಿನ ಎಡಗಡೆ, ನಾನು ದಿಂಬು ಇಟ್ಟ ಜಾಗದಲ್ಲೇ, ಯಾರೋ ಬೆರಳಿಟ್ಟು ಒತ್ತಿದ ಹಾಗಾಗುತ್ತಿದೆ ಎಂದರು. ಗಾಳಿಯೂ ಮೇಲಕ್ಕೆ ಬರುತ್ತಿಲ್ಲ. "ಬಿಡಿ ಮೇಸ್ತ್ರಿ, ನೀವು ಮಾಡೋದು ಮಾಡಿದ್ರಿ. ಹಾಸನಕ್ಕೆ ಹೂಂ ಅಂದುಬಿಡ್ತೀನಿ," ಎಂದು ಮೆಲ್ಲಗೆ ಹೇಳಿ ಇಟ್ಟರು.

ಅಂದಿನಿಂದ ನನಗೆ ಎಲ್ಲೂ ಕೂರಲಾಗಲಿಲ್ಲ. ಬಸ್ಸಿನಲ್ಲಿ ಕೂತರೆ ಬೆನ್ನ ಹಿಂದೆ ಕೈ ಹಾಕಿ ಸ್ಪಂಜು ಒತ್ತಿ ನೋಡುತ್ತಿದ್ದೆ. ಪಕ್ಕದವರು ಎದ್ದು ಹೋದರು. ನೆಂಟರ ಮನೆಯ ಸೋಫಾದ ಅಡಿ ಬಗ್ಗಿ ನೋಡಿ ಹೆಂಡತಿಯಿಂದ ಬೈಸಿಕೊಂಡೆ. ಊಟದ ಮಣೆಯೂ ಸರಿಯಿಲ್ಲ ಅನ್ನಿಸಿತು. ತಿಂಗಳು ತನ್ನ ಪಾಡಿಗೆ ಸವೆಯುತ್ತಿತ್ತು. ಒಬ್ಬರ ವರ್ಗಾವಣೆಯನ್ನು ನಿಲ್ಲಿಸುವ ಅಧಿಕಾರ ಮಂತ್ರಿಗಳಿಗಿರುತ್ತದೆ ಎಂದು ಕೇಳಿದ್ದೆ. ಮಾಡಿಸುವ ಅಧಿಕಾರ ಒಂದು ತುಂಡು ಸ್ಪಂಜಿಗೆ ಇರುತ್ತದೆ ಎಂದು ತಿಳಿದಿರಲಿಲ್ಲ.

ಒಂದು ಬೆಳಿಗ್ಗೆ ಟೇಪು ಹಿಡಿದು, ಇನ್ನೊಂದು ಸ್ಪಂಜಿನ ಮೇಲೆ ಹೊಸದಾಗಿ ಸೊಂಟದ ದಿಂಬಿನ ಅಳತೆ ಗುರುತು ಹಾಕುತ್ತಿದ್ದವನಿಗೆ ಒಂದು ಸಂದೇಹ ಬಂತು. ನಾನು ಅಳೆದದ್ದೆಲ್ಲ ನಿಂತ ಗಾಡಿಯ ಸೀಟನ್ನು. ನೋಯುತ್ತಿರುವುದು ಓಡುವ ಗಾಡಿಯಲ್ಲಿ. ಟೇಪು ಸುತ್ತಿಟ್ಟು, ಅಂಗಡಿಗೆ ಬೀಗ ಹಾಕಿ, ಬಸ್ಸು ಹತ್ತಿ ಕುಂದೂರಿನ ಪಶು ಆಸ್ಪತ್ರೆಗೆ ಹೋದೆ. ಇವತ್ತು ನಿಮ್ಮ ಜೊತೆ ಸುತ್ತುತ್ತೇನೆ, ಏನೂ ಮಾತಾಡುವುದಿಲ್ಲ ಎಂದೆ. ಅವರು ನನ್ನನ್ನು ತುಸು ಹೊತ್ತು ನೋಡಿ, ರೋಗ ಯಾರಿಗೆ ಎಂದು ತೀರ್ಮಾನಿಸಲಾಗದೆ, ಹತ್ತಿ ಅಂದರು.

ಎಡಗಡೆಯ ಸೀಟಿನಲ್ಲಿ ಕೂತು ನೋಡಿದೆ. ಡಾಕ್ಟ್ರಮ್ಮ ಗಾಡಿ ಓಡಿಸುವುದಕ್ಕಿಂತ ನಿಲ್ಲಿಸುವುದೇ ಹೆಚ್ಚು. ಟಾರು ರಸ್ತೆ ಬಿಟ್ಟ ಕೂಡಲೇ ತೋಟದ ಗೇಟು. ಇಳಿದು ತೆಗೆಯಬೇಕು, ಗಾಡಿ ದಾಟಿಸಬೇಕು, ದನ ನುಗ್ಗದಂತೆ ಮತ್ತೆ ಇಳಿದು ಹಾಕಬೇಕು. ನಾನು ಇಳಿಯುತ್ತೇನೆಂದರೂ ಅಭ್ಯಾಸಬಲದಿಂದ ಅವರೇ ಇಳಿಯುತ್ತಿದ್ದರು. ಗೇಟಿಲ್ಲದ ಕಡೆ ಜನ. ಯಾರ ಮನೆಯ ಮುಂದೆ ಹೋದರೂ ಒಬ್ಬರು ಕೈ ಅಡ್ಡ ಹಿಡಿದು ನಿಲ್ಲಿಸುತ್ತಾರೆ, ಇವರು ಬಲಕ್ಕೆ ಹೊರಳಿ ಕಿಟಕಿಯಿಂದ ಚಿಕಿತ್ಸೆ ಹೇಳುತ್ತಾರೆ.

ಒಂದು ಕಡೆ ವಯಸ್ಸಾದ ಹೆಂಗಸೊಬ್ಬಳು ಗಾಡಿಯ ಮೂತಿಗೇ ಅಡ್ಡ ನಿಂತಳು. ಅವಳ ಎಮ್ಮೆ ಹಾಲು ಕಮ್ಮಿ ಮಾಡಿದೆಯಂತೆ. ಡಾಕ್ಟ್ರಮ್ಮ ಏನು ಹಾಕುತ್ತೀ, ಎಷ್ಟು ನೀರು ಕುಡಿಸುತ್ತೀ ಎಂದೆಲ್ಲ ವಿಚಾರಿಸಿದರು. ಹೆಂಗಸು ಉತ್ತರ ಕೊಡುತ್ತಲೇ ಅವರ ಮುಖ ನೋಡಿದಳು.

"ಹಾಸನಕ್ಕೆ ಹೋಯ್ತೀರಂತೆ ಡಾಕ್ಟ್ರವ್ವ?"

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾವ್ರೆ. ಹೋಗಿ, ಬ್ಯಾಡ ಅನ್ನಲ್ಲ. ಎಮ್ಮೆಗೆ ಏನ್ ಹೇಳ್ಲಿ, ಅದ್ನೊಂದು ಹೇಳ್ಬುಟ್ಟು ಹೋಗಿ."

ಡಾಕ್ಟ್ರಮ್ಮ ಹಿಂಡಿಯ ಜೊತೆ ಖನಿಜದ ಪುಡಿ ಹಾಕಲು ಹೇಳಿದರು. ಗಾಡಿ ಮುಂದೆ ಹೋದ ಮೇಲೂ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದರು. ನಾನು ಮಾತಾಡುವುದಿಲ್ಲವೆಂದು ಮೊದಲೇ ಮಾತು ಕೊಟ್ಟಿದ್ದೆ.

ಮಧ್ಯಾಹ್ನ ಒಂದು ಕೊಟ್ಟಿಗೆಯಲ್ಲಿ ಕರು ಅಡ್ಡ ತಿರುಗಿತ್ತು. ಡಾಕ್ಟ್ರಮ್ಮ ಭುಜದವರೆಗೆ ಕೈ ಹಾಕಿ, ಹಲ್ಲು ಕಚ್ಚಿ, ತಿರುಗಿಸಿ, ಹೊರಗೆ ಎಳೆದರು. ಕರು ಉಳಿಯಿತು. ಕೈ ತೊಳೆದುಕೊಂಡು ಗಾಡಿಯ ಹತ್ತಿರ ಬಂದವರು ಬಾಗಿಲು ಹಿಡಿದು ನಿಂತೇ ಬಿಟ್ಟರು. ನಡು ಹಿಡಿದುಕೊಂಡಿತ್ತು. ಕೀಯನ್ನು ನನ್ನ ಕೈಗೆ ಕೊಟ್ಟು, ನೀವೇ ಓಡಿಸಿ ಮೇಸ್ತ್ರಿ ಎಂದು ಎಡಗಡೆಗೆ ಹೋಗಿ ಕೂತು ಕಣ್ಣು ಮುಚ್ಚಿದರು.

ಹೀಗೆ ನನ್ನದೇ ಕೈಕೆಲಸದ ಮೇಲೆ ನಾನು ಮೊದಲ ಬಾರಿಗೆ ಕೂತೆ. ಗುಂಡಿಗಳ ರಸ್ತೆಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಡುವಿನ ಎಡಗಡೆ ಏನೋ ಒತ್ತಿತು. ಇನ್ನೊಂದು ಗುಂಡಿ, ಅದೇ ಜಾಗ. ನನ್ನ ದಿಂಬಿನ ಅಂಚೇ ಇರಬೇಕು, ಅಂಟು ಬಿಟ್ಟು ಮಡಿಸಿಕೊಂಡಿರಬೇಕು ಎಂದು ನಾಚಿಕೊಂಡು, ಗಾಡಿಯನ್ನು ಬದಿಗೆ ನಿಲ್ಲಿಸಿ ಬೆನ್ನ ಹಿಂದೆ ಕೈ ಹಾಕಿದೆ. ದಿಂಬು ಸರಿಯಾಗಿಯೇ ಇತ್ತು. ಅದರ ಮೇಲೆ, ನನಗೂ ಸೀಟಿಗೂ ನಡುವೆ, ಸೀಟ್ ಬೆಲ್ಟು ಇತ್ತು.

ಬೆನ್ನ ಹಿಂದಿನಿಂದ ಹಾಯಿಸಿ ಕೊಂಡಿಗೆ ಸಿಗಿಸಿದ ಬೆಲ್ಟು. ಎರಡೆಳೆಯ ಪಟ್ಟಿ, ಒಂದು ತಿರುಚು, ತುದಿಯಲ್ಲಿ ಕಬ್ಬಿಣದ ನಾಲಿಗೆ. ಹಾಕದಿದ್ದರೆ ಗಾಡಿ ಕೂಗಿಕೊಳ್ಳುತ್ತದೆ, ಗೇಟಿಗೊಮ್ಮೆ ಹಾಕಿ ತೆಗೆಯಲು ಆಗುವುದಿಲ್ಲ, ಆದ್ದರಿಂದ ಹಿಂದಿನಿಂದ ಸಿಗಿಸಿ ಅದರ ಬಾಯಿ ಮುಚ್ಚಿಸುವುದು. ಆಲೂರು, ಸಕಲೇಶಪುರದ ಬೆಟ್ಟಗಳಲ್ಲಿ ಓಡಾಡುವ ಗಾಡಿಗಳಲ್ಲಿ ಇದು ಎಷ್ಟು ಮಾಮೂಲೆಂದರೆ, ಹಾಗಿಲ್ಲದ ಗಾಡಿ ಬಂದರೆ ಹೊರ ಊರಿನದೇ ಎಂದು ನಾನು ಗುರುತಿಸುತ್ತೇನೆ. ಸೀಟು ಬಿಚ್ಚುವಾಗ ಆ ಕೊಂಡಿಯನ್ನು ಬಿಚ್ಚಿದವನು ನಾನು. ಕೆಲಸ ಮುಗಿಸಿ, ಗಿರಾಕಿ ಇಟ್ಟ ಹಾಗೆಯೇ ಇರಲಿ ಎಂದು ಮತ್ತೆ ಹಿಂದಿನಿಂದ ಸಿಗಿಸಿದವನೂ ನಾನು. ಅಲ್ಲದೆ ಅದರ ಹಿಂದೆ ಗಟ್ಟಿ ಸ್ಪಂಜಿಟ್ಟು, ಅದು ಎಲ್ಲೂ ತಪ್ಪಿಸಿಕೊಂಡು ಹೋಗದಂತೆ ಡಾಕ್ಟ್ರಮ್ಮನ ಬೆನ್ನಿಗೆ ಒತ್ತಿ ಹಿಡಿಸಿದ್ದೆ.

ಕೊಂಡಿ ಬಿಚ್ಚಿದೆ. ಬೆಲ್ಟು ಸರ್ರೆಂದು ಬಾಗಿಲ ಪಕ್ಕದ ಕಂಬದೊಳಗೆ ಹೋಯಿತು. ಗಾಡಿ ಟಣ್ ಟಣ್ ಎಂದು ಕೂಗತೊಡಗಿತು. ಡಾಕ್ಟ್ರಮ್ಮ ಕಣ್ಣು ಬಿಟ್ಟರು.

"ಮೇಡಂ, ಒತ್ತುತ್ತೆ ಅಂದ್ರಲ್ಲ, ಅದು ಇದು."

ಅವರು ಬೆಲ್ಟು ನೋಡಿದರು. ನನ್ನನ್ನು ನೋಡಿದರು. "ಅದು ಯಾವಾಗ್ಲೂ ಅಲ್ಲೇ ಇತ್ತಲ್ಲ."

"ಹೌದು. ಅದಕ್ಕೇ ಇಬ್ರಿಗೂ ಕಾಣ್ಲಿಲ್ಲ."

ಗಾಡಿ ಟಣ್ ಟಣ್ ಎನ್ನುತ್ತಲೇ ಇತ್ತು. ಆಮೇಲೆ ಡಾಕ್ಟ್ರಮ್ಮ ನಗಲು ಶುರು ಮಾಡಿದರು. ನಕ್ಕರೆ ನಡು ನೋಯುತ್ತದೆ, ನೋವಿಗೆ ಮುಖ ಹಿಂಡುತ್ತಾರೆ, ಮತ್ತೆ ನಗುತ್ತಾರೆ. ದನಕ್ಕೆ ಮುಳ್ಳು ಚುಚ್ಚಿದ್ದರೆ ಮೊದಲು ಗೊರಸು ನೋಡುತ್ತಿದ್ದೆ, ನನಗೇ ಆದಾಗ ಹಾಸನಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದೆ ಎಂದರು.

ಬೆಲ್ಟೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಬಿಲ್ಲೆ ಉಬ್ಬಿದ್ದು ನಿಜ, ಅದನ್ನು ಉಬ್ಬಿಸಿದ್ದು ಹಲವು ವರ್ಷಗಳ ಎಮ್ಮೆಗಳು. ಆದರೆ ಕಲ್ಲಿನ ಮೇಲೆ ಹಾಸಿಗೆ ಹಾಸಿ ಮೆತ್ತಗಿಲ್ಲ ಎಂದು ಹಾಸಿಗೆಯನ್ನು ಬೈಯುವ ಕೆಲಸ ನಿಂತಿತು. ಈಗ ಸೀಟನ್ನು ಸೀಟಾಗಿ ನೋಡಬಹುದಿತ್ತು.

ಮಾರನೆಯ ದಿನ ಮತ್ತೆ ಬ್ಯಾಟರಿ ಬಿಚ್ಚಿದೆ, ಮತ್ತೆ ಟೀ. ಸ್ನೇಹಿತ ಈ ಸಲ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ನನ್ನ ಕೈ ಕೀ ಕಡೆ ಹೋದಾಗಲೆಲ್ಲ ಕೆಮ್ಮುತ್ತಿದ್ದ. ನನ್ನ ಗಟ್ಟಿ ಸ್ಪಂಜನ್ನು ಕಿತ್ತು ಎಸೆದೆ. ಸೊಂಟದ ಎತ್ತರಕ್ಕೆ ಮೆತ್ತನೆಯ ತೆಳು ಸ್ಪಂಜು ಇಟ್ಟೆ, ಅದನ್ನೂ ನಡುವೆ ಸೀಳಿ ಎರಡು ತುಂಡು ಮಾಡಿ, ಗಾಳಿಯ ಕಾಲುವೆಗೆ ದಾರಿ ಬಿಟ್ಟೆ. ಮುಂದಂಚಿನ ಪಟ್ಟಿ ಸರಿಯಾಗಿತ್ತು, ಅದನ್ನು ಉಳಿಸಿಕೊಂಡೆ. ಜಾರದಿರಲು ಶಾಲೆಯ ಬ್ಯಾಗುಗಳ ಬೆನ್ನಿಗೆ ಹಾಕುತ್ತಾರಲ್ಲ, ಆ ದಪ್ಪ ಜಾಲರಿ ಬಟ್ಟೆ ತಂದು, ಕೂರುವಷ್ಟು ಭಾಗಕ್ಕೆ ಮಾತ್ರ ಹೊಲಿದು ಎಲಾಸ್ಟಿಕ್ಕಿನಿಂದ ಕಟ್ಟಿದೆ. ಏರ್‌ಬ್ಯಾಗಿನ ಮಗ್ಗುಲಿಗೆ ಒಂದು ಎಳೆ ದಾರವೂ ಹೋಗದಂತೆ ನೋಡಿಕೊಂಡೆ. ಹಳದಿ ವಯರು ಸಿಗಿಸಿ, ಸ್ನೇಹಿತನಿಗೆ ತೋರಿಸಿ, ಅವನು ತಲೆ ಆಡಿಸಿದ ಮೇಲೆ ಬ್ಯಾಟರಿ ಹಾಕಿದೆ. ಊದುಬತ್ತಿ ಹಿಡಿದೆ. ಹೊಗೆ ಕೆಳಗಿನಿಂದ ಮೇಲಿನವರೆಗೆ ಒಂದೇ ಸಮ ಅಲುಗಿತು.

ಆಮೇಲೆ ಡಾಕ್ಟ್ರಮ್ಮನನ್ನು ಕೂರಿಸಿ ಗಾಡಿಯನ್ನು ಅವರಿಗೆ ಒಗ್ಗಿಸಿದೆವು. ಸೀಟನ್ನು ಮುಂದಕ್ಕೆ ತಂದು ಮೊಣಕಾಲು ಮಡಿಯುವಂತೆ ಮಾಡಿದೆ. ಮಲಗಿದ್ದ ಸೀಟಿನ ಬೆನ್ನನ್ನು ಎಬ್ಬಿಸಿದೆ. ಬೆಲ್ಟು ಕುತ್ತಿಗೆಗೆ ಉಜ್ಜುತ್ತದೆ, ಅದಕ್ಕೇ ಟಾರು ರಸ್ತೆಯಲ್ಲೂ ಹಾಕುತ್ತಿರಲಿಲ್ಲ ಎಂದರು. ಬಾಗಿಲ ಕಂಬದ ಮೇಲಿನ ಗುಂಡಿ ಒತ್ತಿ ಬೆಲ್ಟಿನ ತಲೆಯನ್ನು ಕೆಳಗಿಳಿಸಿದೆ. ಹಾಗೆ ಇಳಿಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಯಜಮಾನರಿಗೆ ಗೊತ್ತಿತ್ತಂತೆ. ಸವೆಯಬಾರದೆಂದು ಮುಟ್ಟಿರಲಿಲ್ಲ. ಬೆನ್ನು ನೇರ ಇಟ್ಟಾಗ ಹಿಂದಿನ ಗಾಜು ಪೂರ್ತಿ ಕಾಣುವಂತೆ ಒಳಗನ್ನಡಿ ತಿರುಗಿಸಿದೆ. ಕುಗ್ಗಿ ಕೂತರೆ ಗಾಜು ಅರ್ಧವಾಗುತ್ತದೆ, ಆಗ ನೆಟ್ಟಗಾಗಿ ಎಂದೆ.

ಉಳಿದದ್ದು ಗೇಟುಗಳ ಪ್ರಶ್ನೆ. ಟಾರಿನ ಮೇಲೆ ಬೆಲ್ಟು ಮುಂದಿನಿಂದ, ತೋಟದ ಒಳಗೆ ಬಿಚ್ಚಿ ಬಿಡುವುದು, ಕೂಗಿಕೊಂಡರೆ ಕೂಗಿಕೊಳ್ಳಲಿ ಎಂದು ಅವರೇ ನಿಯಮ ಮಾಡಿಕೊಂಡರು. ಗೇಟು ತೆಗೆಯಲಿಕ್ಕೆ ಮನೆಯವರೇ ಬಂದು ನಿಲ್ಲಬೇಕು, ಇಲ್ಲದಿದ್ದರೆ ಗಾಡಿ ಒಳಗೆ ಬರುವುದಿಲ್ಲ ಎಂದೂ ಹಳ್ಳಿಗಳಿಗೆ ಹೇಳಿ ಕಳಿಸಿದರು. ಜನ ಬಂದು ನಿಂತರಂತೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅದಕ್ಕೇ ನಿಂತಿರಲಿಲ್ಲ ಎಂದರಂತೆ.

ಇದಾದ ಮೇಲೆ ಫೋನು ಬರಲಿಲ್ಲ. ಒಳ್ಳೆಯದಾಗಿದ್ದರೆ ಹೇಳುತ್ತಿದ್ದರು, ಕೆಟ್ಟದ್ದಾಗಿದ್ದರೂ ಹೇಳುತ್ತಿದ್ದರು ಎಂದು ಲೆಕ್ಕ ಹಾಕಿ ಯಾವ ತೀರ್ಮಾನಕ್ಕೂ ಬರಲಾಗಲಿಲ್ಲ. ನಾನೇ ಮಾಡಲೋ ಎಂದರೆ, ಹೇಗಿದೆ ಎಂದು ಕೇಳಿ ಬಲವಂತವಾಗಿ ಚೆನ್ನಾಗಿದೆ ಎನ್ನಿಸಿಕೊಳ್ಳುವುದು ನನ್ನ ಕಸುಬಿನಲ್ಲಿ ಮರ್ಯಾದೆಯಲ್ಲ. ಹೊಲಿಗೆ ತಪ್ಪುತ್ತಿತ್ತು. ಮದುವೆ ಛತ್ರದ ಕುರ್ಚಿಗೆ ಹಿಂದುಮುಂದಾಗಿ ರೆಕ್ಸಿನ್ ಹಾಕಿದೆ. ತಿಂಗಳ ಕೊನೆಯ ದಿನ ತಡೆಯಲಾರದೆ, ಜಾಲರಿಯ ಎಲಾಸ್ಟಿಕ್ಕು ಸಡಿಲಾಗಿರಬಹುದು ಎಂಬ ನೆಪ ತಯಾರಿಸಿಕೊಂಡು ಕುಂದೂರಿಗೆ ಹೋದೆ. ಆಸ್ಪತ್ರೆಯ ಸಹಾಯಕ ಹಗ್ಗ ಸುತ್ತುತ್ತಿದ್ದ.

"ಡಾಕ್ಟ್ರಮ್ಮ ಇಲ್ಲ. ಬೆಳಿಗ್ಗೇನೇ ಹಾಸನಕ್ಕೆ ಹೋದ್ರು, ದೊಡ್ಡ ಆಫೀಸಿಗೆ."

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತುಕೊಂಡೇ ಆಲೂರಿಗೆ ಬಂದೆ. ಹೂಂ ಅಂದಿರುತ್ತಾರೆ. ಅನ್ನಲಿ. ಅವರ ಬೆನ್ನು, ಅವರ ಬದುಕು. ನನ್ನ ಜಾಲರಿ ಹಾಸನದವರೆಗಾದರೂ ಅವರನ್ನು ಸುಖವಾಗಿ ಮುಟ್ಟಿಸಿದ್ದರೆ ಸಾಕು ಎಂದು ಬಹಳ ದೊಡ್ಡ ಮನಸ್ಸು ಮಾಡಿಕೊಂಡು ಅಂಗಡಿ ತೆರೆದೆ. ಸ್ನೇಹಿತ ಬಂದು ನೋಡಿ, ಒಂದು ಟೀ ಹೇಳಿ ಹೋದ.

ಸಂಜೆಗೆ ಮುಂಚೆ ಗಾಡಿ ಅಂಗಡಿಯ ಎದುರು ನಿಂತಿತು. ಎಂಜಿನ್ ಆರಿಸಲಿಲ್ಲ, ಡಾಕ್ಟ್ರಮ್ಮ ಇಳಿಯಲೂ ಇಲ್ಲ. ಬೆಲ್ಟು ಎದೆಯ ಮೇಲಿತ್ತು. ನಾನು ಕಿಟಕಿಯ ಹತ್ತಿರ ಹೋದೆ. ಎಲಾಸ್ಟಿಕ್ಕಿನ ನೆಪ ಬಾಯಿಗೆ ಬರಲಿಲ್ಲ.

"ಹೂಂ ಅಂದ್ರಾ ಮೇಡಂ?"

"ಹೂಂ ಅನ್ನೋಕೇ ಹೋದೆ ಮೇಸ್ತ್ರಿ. ಎರಡು ಮನಸ್ಸಿತ್ತು, ಸುಳ್ಳು ಯಾಕೆ ಹೇಳ್ಲಿ. ಹೋಗ್ತಾ ಬೆನ್ನು ಏನೂ ಅನ್ಲಿಲ್ಲ. ಅಲ್ಲಿ ಸಾಹೇಬ್ರು ಮೀಟಿಂಗಲ್ಲಿದ್ರು. ಇದೇ ನಿಮ್ಮ ಜಾಗ, ಕೂತಿರಿ ಅಂತ ಆ ಖಾಲಿ ಕುರ್ಚಿ ಮೇಲೇ ಕೂರಿಸಿದ್ರು."

"ಆಮೇಲೆ?"

"ಸಾಹೇಬ್ರು ಬರೋ ಹೊತ್ತಿಗೆ ಎದ್ದು ನಿಲ್ಲೋಕಾಗ್ಲಿಲ್ಲ. ಗೋಡೆ ಹಿಡ್ಕೊಂಡು ನಿಂತು, ಬರಲ್ಲ ಸಾರ್ ಅಂದೆ."

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಯಾರದೋ ಹಸು ಬೇಲಿಯ ತಂತಿ ತುಳಿದಿತ್ತು. ಬಂದೆ, ಗೇಟ್ ತೆಗ್ದಿಡಿ ಎಂದು ಹೇಳಿ, ಗೇರು ಹಾಕಿ, ಕುಂದೂರಿನ ಕಡೆ ತಿರುಗಿಸಿದರು.

ನಾನು ಒಳಗೆ ಬಂದು, ಛತ್ರದವರ ಕುರ್ಚಿಯೊಂದನ್ನು ಎಳೆದುಕೊಂಡು, ಬಹಳ ದಿನಗಳ ಮೇಲೆ ಹಿಂದೆ ಒರಗಿ ಕೂತೆ.